ಗ್ರಾಮಸಭೆಗೆ ಮುನ್ನವೇ ಆಗಬೇಕಾದ ಕೆಲಸ: ಊರಿನ ಕೃಷಿ ಯೋಜನೆಯಲ್ಲಿ ರೈತರು ಪಾಲ್ಗೊಳ್ಳುವ ಕ್ರಮ

ಯಾವುದಾದರೂ ಗ್ರಾಮ ಪಂಚಾಯಿತಿಯ ವಾರ್ಷಿಕ ಯೋಜನೆಯನ್ನು ತೆರೆದು ನೋಡಿದರೆ ಸಿಮೆಂಟ್ ರಸ್ತೆ, ಚರಂಡಿ, ಬೀದಿ ದೀಪಗಳ ಸಾಲು ಮೊದಲು ಕಣ್ಣಿಗೆ ಬೀಳುತ್ತದೆ. ಊರಿನ ಹೆಚ್ಚಿನ ಮನೆಗಳು ಬದುಕುವುದು ಬೇಸಾಯದಿಂದಲೇ ಆದರೂ, ಬೇಸಾಯದ ಬಗ್ಗೆ ಅಲ್ಲಿ ಸಿಗುವುದು ಬಹುಪಾಲು ಫಲಾನುಭವಿಗಳ ಹೆಸರಿನ ಪಟ್ಟಿ ಮಾತ್ರ. ಇದಕ್ಕೆ ಅಧಿಕಾರಿಗಳ ಉದಾಸೀನವೊಂದೇ ಕಾರಣವೆಂದು ಹೇಳಲಾಗದು. ರಸ್ತೆ ಕೇಳುವವರು ಯಾರ ಮನೆಯಿಂದ ಯಾರ ಮನೆಯವರೆಗೆ ಎಂದು ಬೆರಳು ಮಾಡಿ ತೋರಿಸಬಲ್ಲರು. ಅದರ ಉದ್ದವನ್ನು ಟೇಪು ಹಿಡಿದು ಅಳೆಯಬಹುದು. ಅಂದಾಜು ಪಟ್ಟಿ ತಯಾರಿಸುವುದೂ ಒಂದು ದಿನದ ಕೆಲಸ. ‘ನಮ್ಮ ಊರಿನ ಬೇಸಾಯ ಸುಧಾರಿಸಬೇಕು’ ಎಂಬ ಬೇಡಿಕೆಗಾದರೋ ಸರ್ವೆ ನಂಬರೂ ಇರುವುದಿಲ್ಲ, ಅಳತೆಯೂ ಇರುವುದಿಲ್ಲ, ಅದಕ್ಕೆ ಹಣ ಕೊಡಬೇಕಾದ ಇಲಾಖೆ ಯಾವುದೆಂಬುದೂ ಗೊತ್ತಿರುವುದಿಲ್ಲ. ಹೀಗಾಗಿ ಅದು ಭಾಷಣವಾಗಿ ಹುಟ್ಟಿ ಭಾಷಣವಾಗಿಯೇ ಮುಗಿಯುತ್ತದೆ.

ರೈತರಲ್ಲಿ ತಿಳಿವಳಿಕೆಗೆ ಕೊರತೆಯಿಲ್ಲ. ಯಾವ ಹೊಲದ ಮಣ್ಣು ಎತ್ತ ಕೊಚ್ಚಿಹೋಗುತ್ತದೆ, ಯಾವ ಕೊಳವೆಬಾವಿ ಶಿವರಾತ್ರಿಗೆ ಮೊದಲೇ ಬತ್ತುತ್ತದೆ, ಕೆರೆಯ ಯಾವ ತೂಬಿನ ನೀರು ಅಚ್ಚುಕಟ್ಟಿನ ಕೊನೆಯ ಗದ್ದೆಗೆ ಮುಟ್ಟುವುದೇ ಇಲ್ಲ ಎಂಬುದೆಲ್ಲ ಊರಿನವರಿಗೆ ಬಾಯಿಪಾಠ. ಆ ತಿಳಿವಳಿಕೆಯನ್ನು ಯೋಜನೆಯ ದಾಖಲೆ ಒಪ್ಪಿಕೊಳ್ಳುವ ರೂಪಕ್ಕೆ ತರುವುದು ಹೇಗೆ, ಅದನ್ನು ಯಾವ ಕಾಲದಲ್ಲಿ, ಯಾವ ಸಭೆಯಲ್ಲಿ, ಯಾರ ಮುಂದೆ ಇಡಬೇಕು ಎಂಬುದೇ ಈ ಬರಹದ ವಿಷಯ. ಕರ್ನಾಟಕದ ಬಯಲುಸೀಮೆಯ ಮಳೆಯಾಶ್ರಿತ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರುವುದರಿಂದ ಮಲೆನಾಡು, ಕರಾವಳಿ ಮತ್ತು ನಾಲೆ ಬಯಲಿನ ಊರುಗಳವರು ಇಲ್ಲಿನ ಲೆಕ್ಕಗಳನ್ನು ತಮ್ಮ ಮಣ್ಣಿಗೂ ಮಳೆಗೂ ಹೊಂದಿಸಿಕೊಳ್ಳಬೇಕಾಗುತ್ತದೆ.

ಕಾನೂನು ಎಲ್ಲಿ ಜಾಗ ಕೊಟ್ಟಿದೆ

ಪಂಚಾಯಿತಿ ಕಚೇರಿಯಲ್ಲಿ ‘ಕೃಷಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಇಲಾಖೆಯನ್ನು ಕೇಳಿ’ ಎಂಬ ಉತ್ತರ ಬಂದರೆ ಅದನ್ನು ಒಪ್ಪಬೇಕಾಗಿಲ್ಲ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯು ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಿಕೊಡಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿದೆ. ಅವುಗಳಲ್ಲಿ ಮೊದಲನೆಯದೇ ಕೃಷಿ ಮತ್ತು ಕೃಷಿ ವಿಸ್ತರಣೆ, ಎರಡನೆಯದು ಭೂಸುಧಾರಣೆ ಮತ್ತು ಮಣ್ಣಿನ ಸಂರಕ್ಷಣೆ, ಮೂರನೆಯದು ಸಣ್ಣ ನೀರಾವರಿ ಮತ್ತು ಜಲಾನಯನ, ನಾಲ್ಕನೆಯದು ಪಶುಸಂಗೋಪನೆ. ಕರ್ನಾಟಕಕ್ಕೆ ಈ ದಾರಿ ಹೊಸದೇನಲ್ಲ. ಅಬ್ದುಲ್ ನಜೀರ್ ಸಾಬ್ ಅವರು ಸಚಿವರಾಗಿದ್ದ ಕಾಲದಲ್ಲಿ ರೂಪುಗೊಂಡ 1983ರ ಕಾಯ್ದೆಯಡಿ 1987ರಲ್ಲೇ ಇಲ್ಲಿ ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯಿತಿಗಳೂ ಕೆಲಸ ಆರಂಭಿಸಿದ್ದವು.

ಈಗ ಅನ್ವಯಿಸುವುದು 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ. ಇದರ ಪ್ರಕಾರ ಪ್ರತಿ ವಾರ್ಡಿನ ಮತದಾರರೆಲ್ಲ ಸೇರಿ ವಾರ್ಡ್ ಸಭೆ, ಪಂಚಾಯಿತಿಯ ಮತದಾರರೆಲ್ಲ ಸೇರಿ ಗ್ರಾಮಸಭೆ. ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅದರ ಕೋರಂ, ಅಂದರೆ ಸಭೆ ನಡೆಯಲು ಕನಿಷ್ಠ ಇರಬೇಕಾದ ಹಾಜರಿ, ಮತದಾರರ ಹತ್ತನೇ ಒಂದು ಭಾಗ ಅಥವಾ 20 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಗ್ರಾಮಸಭೆಗೆ ಹತ್ತನೇ ಒಂದು ಭಾಗ ಅಥವಾ 100 ಜನ. ಕಾಮಗಾರಿಗಳ ಪ್ರಸ್ತಾವವನ್ನು ಸಿದ್ಧಪಡಿಸಿ ಆದ್ಯತೆಯ ಕ್ರಮದಲ್ಲಿ ಜೋಡಿಸುವುದು ವಾರ್ಡ್ ಸಭೆಯ ಕೆಲಸವೆಂದು ಕಾಯ್ದೆಯೇ ಹೇಳುತ್ತದೆ. ಇಪ್ಪತ್ತು ಜನ ಎಂಬ ಸಂಖ್ಯೆಯನ್ನು ರೈತರು ಗಮನದಲ್ಲಿಡಬೇಕು: ಒಂದು ವಾರ್ಡಿನ ಇಪ್ಪತ್ತು ಬೇಸಾಯಗಾರರು ಮೊದಲೇ ಮಾತಾಡಿಕೊಂಡು, ಕಾಗದ ಸಿದ್ಧಮಾಡಿಕೊಂಡು ಬಂದರೆ ಅವರೇ ಸಭೆಯ ಕೋರಂ ಆಗುತ್ತಾರೆ.

ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಯೋಜನೆಯನ್ನು ನಮ್ಮ ರಾಜ್ಯದಲ್ಲಿ ‘ನಮ್ಮ ಗ್ರಾಮ ನಮ್ಮ ಯೋಜನೆ’ ಎಂಬ ಹೆಸರಿನಲ್ಲಿ ತಯಾರಿಸುತ್ತಾರೆ. 2018ರಿಂದ ಈಚೆಗೆ ದೇಶದಾದ್ಯಂತ ಇದರ ಅಭಿಯಾನ ಗಾಂಧಿ ಜಯಂತಿಯ ದಿನ, ಅಂದರೆ ಅಕ್ಟೋಬರ್ 2ರಿಂದ ಆರಂಭವಾಗುವುದು ವಾಡಿಕೆ. ಮುಂದಿನ ಆರ್ಥಿಕ ವರ್ಷದಲ್ಲಿ ಏನೇನು ಆಗಬೇಕೆಂಬುದು ಆ ಕೆಲವು ತಿಂಗಳುಗಳಲ್ಲೇ ತೀರ್ಮಾನವಾಗಿ ಗಣಕಕ್ಕೆ ಏರಿಬಿಡುತ್ತದೆ. ಬೇಸಿಗೆಯಲ್ಲಿ ನೀರು ಬತ್ತಿದ ಮೇಲೆ ಕಚೇರಿಗೆ ಹೋಗಿ ಚೆಕ್ ಡ್ಯಾಂ ಕೇಳಿದವರಿಗೆ ‘ಕ್ರಿಯಾ ಯೋಜನೆಯಲ್ಲಿ ಇಲ್ಲ’ ಎಂಬ ಉತ್ತರ ಸಿಗುವುದು ಇದೇ ಕಾರಣಕ್ಕೆ.

ಉತ್ತರೆ ಮಳೆಗೆ ಕೆಲಸ ಆರಂಭವಾಗಬೇಕು

ಅಕ್ಟೋಬರ್ ತಿಂಗಳೆಂದರೆ ಚಿತ್ತಾ, ಸ್ವಾತಿ ಮಳೆಗಳ ಕಾಲ. ಕೆಲವೆಡೆ ಹಿಂಗಾರಿನ ಬಿತ್ತನೆ, ಕೆಲವೆಡೆ ಶೇಂಗಾ ಕೀಳುವ ಹೊತ್ತು. ಅದರ ಬೆನ್ನಿಗೇ ರಾಗಿಯ ಕೊಯ್ಲು. ಬೇಸಾಯಗಾರರಿಗೆ ಅತ್ಯಂತ ಬಿಡುವಿಲ್ಲದ ದಿನಗಳಲ್ಲೇ ಯೋಜನಾ ಸಭೆಗಳು ಬರುತ್ತವೆ. ಆದ್ದರಿಂದ ಸಭೆಯ ದಿನಾಂಕ ಪ್ರಕಟವಾಗುವವರೆಗೆ ಕಾಯದೆ ಸೆಪ್ಟೆಂಬರ್ ಮಧ್ಯದ ಉತ್ತರೆ ಮಳೆಯ ಹೊತ್ತಿಗೇ ತಯಾರಿ ಆರಂಭಿಸುವುದು ಲೇಸು. ಆಗ ಹಳ್ಳಗಳಲ್ಲಿ ನೀರು ಹರಿಯುತ್ತಿರುತ್ತದೆ, ಬದು ಒಡೆದ ಜಾಗಗಳು ಹಸಿಯಾಗಿ ಕಾಣುತ್ತಿರುತ್ತವೆ, ಬೆಳೆ ಹೊಲದಲ್ಲೇ ನಿಂತಿರುತ್ತದೆ. ಏನು ಕೆಟ್ಟಿದೆ ಎಂಬುದನ್ನು ನೋಡಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ.

ಮೊದಲು ಒಂದು ಸಣ್ಣ ತಂಡ ಬೇಕು. ಹತ್ತರಿಂದ ಹದಿನೈದು ಜನ ಸಾಕು. ಆದರೆ ಅವರು ಯಾರೆಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಕೆರೆಯ ಏರಿಯ ಪಕ್ಕದ ಗದ್ದೆಯವರು ಮಾತ್ರ ಸೇರಿದರೆ ಅಚ್ಚುಕಟ್ಟಿನ ಕೊನೆಯವರ ಕಷ್ಟ ನಕ್ಷೆಗೇ ಬರುವುದಿಲ್ಲ. ಕೊಳವೆಬಾವಿ ಇದ್ದವರಷ್ಟೇ ಇದ್ದರೆ ಮಳೆಯನ್ನೇ ನಂಬಿದವರ ಮಾತು ಬಿಟ್ಟುಹೋಗುತ್ತದೆ. ಕುರಿ ಮೇಯಿಸುವವರು, ಕೂಲಿಗೆ ಹೋಗುವ ಹೆಂಗಸರು, ಹಾಲಿನ ಡೇರಿಗೆ ಹಾಲು ಹಾಕುವವರು, ಊರಿಗೆ ನೀರುಗಂಟಿ (ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವವರು) ಇದ್ದರೆ ಅವರು, ಇವರೆಲ್ಲರೂ ತಂಡದಲ್ಲಿರಬೇಕು. ಕರ್ನಾಟಕದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 2015–16ರ ಕೃಷಿ ಗಣತಿಯ ಪ್ರಕಾರ 1.36 ಹೆಕ್ಟೇರ್, ಅಂದರೆ ಮೂರೂವರೆ ಎಕರೆಗೂ ಕಡಿಮೆ. ತಂಡದಲ್ಲಿ ಹತ್ತು ಎಕರೆಯವರೇ ತುಂಬಿದ್ದರೆ ಅದು ಊರಿನ ತಂಡವಾಗದು.

ಇನ್ನೊಂದು ವರ್ಗದವರನ್ನು ಹುಡುಕಿ ಕರೆಯಬೇಕಾಗುತ್ತದೆ. ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಆದ ತಿದ್ದುಪಡಿಯ ನಂತರ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದು ಕೆಲವು ವಿನಾಯಿತಿಗಳನ್ನು ಬಿಟ್ಟರೆ ನಿಷಿದ್ಧ. ಆದರೂ ಕೋರು, ಪಾಲು, ಲಾವಣಿ ಎಂಬ ಹೆಸರುಗಳಲ್ಲಿ ಬಾಯಿಮಾತಿನ ಗುತ್ತಿಗೆ ಎಲ್ಲ ಕಡೆ ನಡೆಯುತ್ತಲೇ ಇದೆ. ಹೀಗೆ ಉಳುವವರ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಹಾಗಾಗಿ ಪಹಣಿ ನೋಡಿ ಮಾಡಿದ ಯಾವ ಪಟ್ಟಿಯಲ್ಲೂ ಅವರು ಸಿಗುವುದಿಲ್ಲ. ಅವರ ಹೆಸರಿನಲ್ಲಿ ಕೃಷಿ ಹೊಂಡ ಕೇಳಲು ಸಾಧ್ಯವಾಗದಿರಬಹುದು, ಆದರೆ ಬಾಡಿಗೆ ಯಂತ್ರ, ಒಕ್ಕಣೆಯ ಕಣ, ಹೊಲದ ದಾರಿ, ಗೋಕಟ್ಟೆ ಮುಂತಾದ ಸಾಮೂಹಿಕ ಬೇಡಿಕೆಗಳಲ್ಲಿ ಅವರ ಅಗತ್ಯವನ್ನು ಸೇರಿಸಬಹುದು.

ಊರನ್ನು ನಡೆದು ನೋಡುವುದು

ತಂಡ ಒಂದು ದಿನ ಬೆಳಿಗ್ಗೆ ಊರಿನ ಎತ್ತರದ ಅಂಚಿನಿಂದ ಹೊರಟು ನೀರು ಹರಿಯುವ ದಿಕ್ಕಿನಲ್ಲೇ ಕೆಳಗಿನ ಹಳ್ಳದವರೆಗೆ ನಡೆಯಬೇಕು. ದಾರಿಯುದ್ದಕ್ಕೂ ಮಣ್ಣಿನ ಬಣ್ಣ, ಆಳ, ಇಳಿಜಾರು, ಈಗಿನ ಬೆಳೆ, ಒಡೆದ ಬದು, ಹೂಳು ತುಂಬಿದ ಕಟ್ಟೆ, ಒತ್ತುವರಿಯಾದ ರಾಜಕಾಲುವೆ, ಗೋಮಾಳ, ಗುಂಡುತೋಪು ಇವನ್ನೆಲ್ಲ ಸರ್ವೆ ನಂಬರ್ ಸಹಿತ ಬರೆದುಕೊಳ್ಳಬೇಕು. ಸರ್ವೆ ನಂಬರ್ ತಿಳಿಯಲು ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಇರುವ ಒಂದು ಮೊಬೈಲ್ ಸಾಕು. ನಿಂತ ಜಾಗ ಯಾವ ನಂಬರಿಗೆ ಸೇರಿದೆ ಎಂದು ಅದು ತೋರಿಸುತ್ತದೆ. ಕೆಟ್ಟ ಜಾಗಗಳ ಫೋಟೋ ತೆಗೆದಿಟ್ಟುಕೊಂಡರೆ ಮುಂದೆ ಎಂಜಿನಿಯರ್ ಬಂದಾಗ ವಾದ ಕಡಿಮೆಯಾಗುತ್ತದೆ.

ಸಂಜೆ ಶಾಲೆಯ ಅಂಗಳದಲ್ಲೋ ದೇವಸ್ಥಾನದ ಮುಂದೆಯೋ ನೆಲದ ಮೇಲೆ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಯುವ ಪದ್ಧತಿ ಕರ್ನಾಟಕದ ಜಲಾನಯನ ಯೋಜನೆಗಳಲ್ಲಿ ಚೆನ್ನಾಗಿ ಬಳಕೆಯಲ್ಲಿದೆ. ಓದು ಬಾರದವರೂ ಇದರಲ್ಲಿ ತಿದ್ದುಪಡಿ ಹೇಳಬಲ್ಲರು ಎಂಬುದೇ ಇದರ ದೊಡ್ಡ ಗುಣ. ಹೆಂಗಸರಿಗೆ ಬೇರೆಯಾಗಿಯೇ ಒಂದು ನಕ್ಷೆ ಬರೆಯಲು ಹೇಳುವುದು ಒಳ್ಳೆಯದು. ಗಂಡಸರ ನಕ್ಷೆಯಲ್ಲಿ ಕೊಳವೆಬಾವಿಗಳು ಎದ್ದು ಕಂಡರೆ, ಹೆಂಗಸರ ನಕ್ಷೆಯಲ್ಲಿ ಮೇವಿನ ಜಾಗ, ಸೌದೆಯ ದಾರಿ, ದನಕ್ಕೆ ನೀರು ಕುಡಿಸುವ ಕಟ್ಟೆಗಳು ಮುಂದೆ ಬರುವುದುಂಟು. ಎರಡನ್ನೂ ಕಾಗದಕ್ಕೆ ಇಳಿಸಿ, ಫೋಟೋ ತೆಗೆದು, ತಂಡದ ಕಡತದಲ್ಲಿ ಇಡಬೇಕು.

ಋತುಮಾನದ ಪಟ್ಟಿಯನ್ನು ತಿಂಗಳುಗಳ ಲೆಕ್ಕದಲ್ಲಿ ಕೇಳಿದರೆ ಉತ್ತರ ತಡವರಿಸುತ್ತದೆ. ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಕೇಳಿದರೆ ಮಾತು ತಾನಾಗಿ ಹರಿಯುತ್ತದೆ: ಭರಣಿ, ರೋಹಿಣಿ, ಆರಿದ್ರಾ, ಮಘೆ, ಹಸ್ತಾ ಮಳೆಗಳಲ್ಲಿ ಹತ್ತು ವರ್ಷಗಳ ಹಿಂದೆ ಏನು ಬಿತ್ತುತ್ತಿದ್ದರು, ಈಗ ಏನು ಬಿತ್ತುತ್ತಾರೆ, ಯಾವ ಮಳೆ ಕೈಕೊಡುತ್ತಿದೆ, ಯಾವ ಹೊತ್ತಿನಲ್ಲಿ ಕೂಲಿ ಸಿಗುವುದಿಲ್ಲ, ಯಾವ ಹೊತ್ತಿನಲ್ಲಿ ಸಾಲ ಮಾಡುತ್ತಾರೆ. ಇದನ್ನು ಹೋಬಳಿಯ ಮಳೆಮಾಪನ ಕೇಂದ್ರದ ಅಂಕಿಗಳೊಂದಿಗೆ ಹೋಲಿಸಿ ನೋಡಬೇಕು. ನೆನಪು ಮತ್ತು ಅಂಕಿ ಹೊಂದದ ಕಡೆ ಇನ್ನಷ್ಟು ವಿಚಾರಿಸಬೇಕು.

ರಾಜ್ಯದ ಜಲಾನಯನ ಅಭಿವೃದ್ಧಿ ಯೋಜನೆಯಾದ ಸುಜಲಾದ ಮೂರನೇ ಹಂತ ನಡೆದ ಹನ್ನೊಂದು ಜಿಲ್ಲೆಗಳಲ್ಲಿ (ಬೀದರ್, ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರು, ಕೊಪ್ಪಳ, ಗದಗ, ದಾವಣಗೆರೆ, ತುಮಕೂರು, ಚಿಕ್ಕಮಗಳೂರು, ಚಾಮರಾಜನಗರ) ಆಯ್ದ ಕಿರು ಜಲಾನಯನಗಳಿಗೆ ಭೂ ಸಂಪನ್ಮೂಲ ಸಮೀಕ್ಷೆಯಾಗಿದೆ. ಸರ್ವೆ ನಂಬರಿನ ಮಟ್ಟದಲ್ಲಿ ಮಣ್ಣಿನ ಆಳ, ಇಳಿಜಾರು, ಸೂಕ್ತ ಬೆಳೆ, ಬೇಕಾದ ಮಣ್ಣು ಸಂರಕ್ಷಣಾ ಕೆಲಸ ಇವು ಅದರಲ್ಲಿವೆ. ನಿಮ್ಮ ಊರು ಆ ಪಟ್ಟಿಯಲ್ಲಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ; ಇದ್ದರೆ ಅರ್ಧ ಕೆಲಸ ಆಗಿಯೇ ಇದೆ. ಇಷ್ಟು ಖರ್ಚು ಮಾಡಿ ತಯಾರಿಸಿದ ಮಾಹಿತಿ ಎಷ್ಟೋ ಕಡೆ ಬೀರುವಿನಲ್ಲಿ ಉಳಿದಿದೆ ಎಂಬುದು ಬೇಸರದ ಮಾತು.

ನೀರಿನ ಲೆಕ್ಕ

ಬಯಲುಸೀಮೆಯಲ್ಲಿ ಕೃಷಿ ಯೋಜನೆ ಎಂದರೆ ಕೊನೆಗೆ ನೀರಿನ ಯೋಜನೆಯೇ. ಆದರೂ ಹೆಚ್ಚಿನ ಸಭೆಗಳಲ್ಲಿ ನೀರಿನ ಬಗ್ಗೆ ಬರುವ ಬೇಡಿಕೆ ಇನ್ನೊಂದು ಕೊಳವೆಬಾವಿಯದು. ಊರಿಗೆ ವರ್ಷಕ್ಕೆ ಸಿಗುವ ನೀರೆಷ್ಟು, ಖರ್ಚಾಗುವುದೆಷ್ಟು ಎಂಬ ಜಮಾ-ಖರ್ಚನ್ನು ಒಮ್ಮೆ ಎಲ್ಲರ ಮುಂದೆ ಬರೆದರೆ ಬೇಡಿಕೆಯ ಸ್ವರೂಪವೇ ಬದಲಾಗುತ್ತದೆ. ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಕೈಗೊಂಡ ಅಟಲ್ ಭೂಜಲ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳು ಇಂಥದೇ ಲೆಕ್ಕವನ್ನಾಧರಿಸಿ ಜಲ ಸುರಕ್ಷತಾ ಯೋಜನೆಗಳನ್ನು ತಯಾರಿಸಿವೆ. ಆ ಯೋಜನೆ ಇಲ್ಲದ ಊರಿನವರೂ ಶಾಲೆಯ ಕಪ್ಪು ಹಲಗೆಯ ಮೇಲೆ ಇದನ್ನು ಮಾಡಬಹುದು.

ಸೂತ್ರ ಸರಳ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು 10,000 ಲೀಟರ್. ಉದಾಹರಣೆಗೆ 500 ಹೆಕ್ಟೇರಿನ, ಅಂದರೆ ಸುಮಾರು 1,235 ಎಕರೆಯ ಊರೊಂದರಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮಳೆಯಾಗುತ್ತದೆ ಎಂದುಕೊಳ್ಳೋಣ. ಒಟ್ಟು ಮಳೆ ನೀರು 300 ಕೋಟಿ ಲೀಟರ್. ಕೇಳಲು ದೊಡ್ಡದಾಗಿದೆ, ಆದರೆ ಅದರಲ್ಲಿ ಬಹುಭಾಗ ಆವಿಯಾಗಿ, ಬೆಳೆಗೂ ಗಿಡಗಳಿಗೂ ಆಹಾರವಾಗಿ, ಹಳ್ಳದಲ್ಲಿ ಹರಿದು ಹೋಗುತ್ತದೆ. ಗಟ್ಟಿ ಶಿಲೆಯ ನಮ್ಮ ನೆಲದಲ್ಲಿ ಅಂತರ್ಜಲಕ್ಕೆ ಸೇರುವುದು ಹತ್ತನೇ ಒಂದು ಭಾಗವೆಂದು ಹಿಡಿದರೆ 30 ಕೋಟಿ ಲೀಟರ್. ಎರಡು ಸಾವಿರ ಜನರಿಗೆ ದಿನಕ್ಕೆ ತಲಾ 55 ಲೀಟರಿನಂತೆ ವರ್ಷಕ್ಕೆ ಸುಮಾರು 4 ಕೋಟಿ ಲೀಟರ್ ಬೇಕು. ಐನೂರು ದನ-ಎಮ್ಮೆಗಳಿಗೆ ದಿನಕ್ಕೆ 50 ಲೀಟರಿನಂತೆ ಸುಮಾರು ಒಂದು ಕೋಟಿ. ಉಳಿಯುವುದು 25 ಕೋಟಿ.

ಒಂದು ಎಕರೆ ಭತ್ತಕ್ಕೆ ಒಟ್ಟು 1,200 ಮಿಲಿಮೀಟರ್ ನೀರು ಬೇಕಾಗುತ್ತದೆಂದರೆ ಅದು ಸುಮಾರು 48 ಲಕ್ಷ ಲೀಟರ್. ಬೇಸಿಗೆಯ ಭತ್ತವನ್ನು ಕೊಳವೆಬಾವಿಯಿಂದಲೇ ಬೆಳೆದರೆ ಇಡೀ ಊರಿಗೆ ಉಳಿದ 25 ಕೋಟಿ ಲೀಟರ್ ಐವತ್ತು ಎಕರೆಗೆ ಮುಗಿದುಹೋಗುತ್ತದೆ. ಅದೇ ನೀರಿನಲ್ಲಿ 400 ಮಿಲಿಮೀಟರಿನ ರಾಗಿಯನ್ನು ಸುಮಾರು ನೂರೈವತ್ತು ಎಕರೆ ಬೆಳೆಯಬಹುದು. ಇವು ಒರಟು ಲೆಕ್ಕಗಳು. ಇಂಗುವ ಪ್ರಮಾಣ ಮಣ್ಣಿನಿಂದ ಮಣ್ಣಿಗೆ ಬದಲಾಗುತ್ತದೆ, ಗದ್ದೆಗೆ ಕೊಟ್ಟ ನೀರಿನಲ್ಲೂ ಸ್ವಲ್ಪ ಮತ್ತೆ ಇಂಗುತ್ತದೆ. ಆದರೂ ಸಾವಿರದ ಇನ್ನೂರು ಎಕರೆಯ ಮೇಲೆ ಬಿದ್ದ ಮಳೆಯಿಂದ ಇಂಗಿದ ನೀರು ಐವತ್ತು ಎಕರೆಗೆ ಸಾಕಾಗುತ್ತದೆ ಎಂಬ ಸಂಗತಿ ಹಲಗೆಯ ಮೇಲೆ ಕಂಡಾಗ, ಸಭೆಯಲ್ಲಿ ಮಾತು ‘ಇನ್ನೆಷ್ಟು ಬಾವಿ ಕೊರೆಯೋಣ’ ಎಂಬಲ್ಲಿಂದ ‘ಇಂಗಿಸುವುದು ಎಲ್ಲಿ, ಬೆಳೆಯುವುದು ಏನು’ ಎಂಬಲ್ಲಿಗೆ ತಿರುಗುತ್ತದೆ.

ಖರ್ಚಿನ ಕಡೆಯ ಲೆಕ್ಕವನ್ನು ಊರಿನವರೇ ಅಳೆದು ತೆಗೆಯಬಹುದು. 200 ಲೀಟರಿನ ಡ್ರಮ್ಮನ್ನು ಪಂಪಿನ ಪೈಪಿಗೆ ಹಿಡಿದು ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆ ನೋಡಿ. ನೂರು ಸೆಕೆಂಡಾದರೆ ಗಂಟೆಗೆ 7,200 ಲೀಟರ್. ದಿನಕ್ಕೆ ಏಳು ಗಂಟೆ, ವರ್ಷಕ್ಕೆ ಇನ್ನೂರು ದಿನ ಓಡಿದರೆ ಆ ಒಂದು ಬಾವಿ ಸುಮಾರು ಒಂದು ಕೋಟಿ ಲೀಟರ್ ಎತ್ತುತ್ತದೆ. ಅಂದರೆ ನಮ್ಮ ಉದಾಹರಣೆಯ ಊರು ಇಂಥ ಇಪ್ಪತ್ತೈದು ಬಾವಿಗಳನ್ನು ತಾಳಬಲ್ಲದು. ಅಲ್ಲಿ ಅರವತ್ತು ಬಾವಿಗಳು ಓಡುತ್ತಿದ್ದರೆ ಉತ್ತರ ಯಾರೂ ಹೇಳಬೇಕಾಗಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ: ಈ ಲೆಕ್ಕವನ್ನು ಯಾರ ಬಾವಿ ಹೆಚ್ಚು ಎತ್ತುತ್ತದೆ ಎಂದು ಬೆರಳು ತೋರಿಸಲು ಬಳಸಿದರೆ ಮರುದಿನವೇ ತಂಡ ಒಡೆಯುತ್ತದೆ. ಒಟ್ಟು ಮೊತ್ತವನ್ನಷ್ಟೇ ಹಲಗೆಯ ಮೇಲೆ ಬರೆಯುವುದು ಜಾಣತನ.

ಬೇಡಿಕೆಯನ್ನು ಬರೆಯುವ ರೀತಿ

ಇಷ್ಟಾದ ಮೇಲೆ ಐವತ್ತು ಅರವತ್ತು ಬೇಡಿಕೆಗಳು ಕೈಯಲ್ಲಿರುತ್ತವೆ. ಎಲ್ಲವನ್ನೂ ಕೇಳುವುದೆಂದರೆ ಯಾವುದನ್ನೂ ಕೇಳದಂತೆಯೇ. ಪ್ರತಿಯೊಬ್ಬರಿಗೂ ಹತ್ತು ಹುಣಸೆ ಬೀಜ ಕೊಟ್ಟು, ಬೇಡಿಕೆಗಳ ಚೀಟಿಗಳ ಮೇಲೆ ತಮಗೆ ಬೇಕಾದಂತೆ ಹಂಚಲು ಹೇಳುವುದು ಹಳೆಯದಾದರೂ ಚೆನ್ನಾಗಿ ನಡೆಯುವ ಉಪಾಯ. ಗಂಡಸರು, ಹೆಂಗಸರು, ಭೂಮಿಯಿಲ್ಲದವರು ಬೇರೆ ಬೇರೆಯಾಗಿ ಬೀಜ ಹಾಕಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಮೂರೂ ಗುಂಪಿನಲ್ಲಿ ಮೇಲೆ ಬಂದದ್ದನ್ನು ಪಟ್ಟಿಯ ತಲೆಯಲ್ಲಿಡಿ. ಒಂದೇ ಗುಂಪಿನಲ್ಲಿ ಬಹಳ ಮೇಲೆ ಬಂದ ಒಂದೆರಡನ್ನಾದರೂ ಕೈಬಿಡಬೇಡಿ.

ಆಮೇಲೆ ಪ್ರತಿ ಬೇಡಿಕೆಗೂ ಒಂದೊಂದು ಹಾಳೆ. ‘ಹಳ್ಳಕ್ಕೆ ಚೆಕ್ ಡ್ಯಾಂ ಬೇಕು’ ಎಂದು ಬರೆದರೆ ಸಾಲದು. ಯಾವ ಸರ್ವೆ ನಂಬರಿನ ಪಕ್ಕ, ಹಳ್ಳದ ಅಗಲವೆಷ್ಟು, ಅಲ್ಲಿ ದಡ ಗಟ್ಟಿಯಿದೆಯೇ, ಮೇಲೆ ಈಗಾಗಲೇ ಕಟ್ಟಿದ್ದು ಏನಿದೆ, ಸುತ್ತ ಎಷ್ಟು ಬಾವಿಗಳಿವೆ, ಎಷ್ಟು ಕುಟುಂಬಗಳಿಗೆ ಪ್ರಯೋಜನ, ಜಾಗ ಸರ್ಕಾರದ್ದೇ ಖಾಸಗಿಯೇ, ಖಾಸಗಿಯಾದರೆ ಮಾಲೀಕರ ಒಪ್ಪಿಗೆ ಪತ್ರ ಇದೆಯೇ, ಹೂಳು ತೆಗೆಯುವ ಹೊಣೆ ಯಾರದು, ಇವಿಷ್ಟೂ ಅದರಲ್ಲಿರಬೇಕು. ಒಪ್ಪಿಗೆ ಪತ್ರವನ್ನು ಮೊದಲೇ ಪಡೆಯದ ಕಾರಣಕ್ಕೆ ಮಂಜೂರಾದ ಕೆಲಸ ನಿಂತುಹೋಗುವುದು ಹಳ್ಳಿಗಳಲ್ಲಿ ತೀರ ಸಾಮಾನ್ಯ. ಹೊಲದ ದಾರಿಯ ವಿಷಯದಲ್ಲಂತೂ ಪಕ್ಕದ ಹೊಲದವರ ಸಹಿ ಇಲ್ಲದೆ ಪಟ್ಟಿಗೇ ಸೇರಿಸಬಾರದು.

ಹಣ ಯಾವ ಚೀಲದಿಂದ ಬರಬೇಕೆಂಬುದನ್ನೂ ಹಾಳೆಯಲ್ಲೇ ಬರೆಯಿರಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯಿರುವ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ವ್ಯಾಪ್ತಿಗೆ ಬರುತ್ತವೆ. 40ರಿಂದ 2,000 ಹೆಕ್ಟೇರಿನವರೆಗಿನವು ಸಣ್ಣ ನೀರಾವರಿ ಇಲಾಖೆಯವು. ಇದು ಗೊತ್ತಿಲ್ಲದೆ ದೊಡ್ಡ ಕೆರೆಯ ತೂಬಿನ ದುರಸ್ತಿಯನ್ನು ಗ್ರಾಮ ಪಂಚಾಯಿತಿಯಲ್ಲಿ ವರ್ಷಗಟ್ಟಲೆ ಕೇಳುತ್ತಾ ಕೂರುವವರಿದ್ದಾರೆ. ಹದಿನೈದನೇ ಹಣಕಾಸು ಆಯೋಗವು 2021–26ರ ಅವಧಿಗೆ ಪಂಚಾಯಿತಿಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಆ ನೀರಿನ ಬಾಬತ್ತಿನಲ್ಲಿ ಮಳೆನೀರು ಸಂಗ್ರಹವೂ ಸೇರಿದ್ದರಿಂದ ಇಂಗಿಸುವ ಕೆಲಸಗಳಿಗೆ ಅಲ್ಲೊಂದು ದಾರಿಯಿತ್ತು. ಹನಿ ನೀರಾವರಿ, ಯಂತ್ರೋಪಕರಣ, ಬಿತ್ತನೆ ಬೀಜ, ತೋಟದ ವಿಸ್ತರಣೆ ಇವು ಕೃಷಿ, ತೋಟಗಾರಿಕೆ ಇಲಾಖೆಗಳ ಬಾಬತ್ತು.

ಬದು, ಕೃಷಿ ಹೊಂಡ, ನಾಲಾ ಬದು, ಅರಣ್ಯೀಕರಣದಂತಹ ಕೆಲಸಗಳಿಗೆ ಇದುವರೆಗೆ ದೊಡ್ಡ ಆಸರೆಯಾಗಿದ್ದದ್ದು 2005ರ ಉದ್ಯೋಗ ಖಾತರಿ ಕಾಯ್ದೆ. ಜಿಲ್ಲೆಯ ಒಟ್ಟು ಕಾಮಗಾರಿ ವೆಚ್ಚದಲ್ಲಿ ಕನಿಷ್ಠ ಶೇ 60 ಭಾಗ ಕೃಷಿ ಮತ್ತು ಅದರ ಪೂರಕ ಆಸ್ತಿಗಳಿಗೆ ಹೋಗಬೇಕೆಂಬ ನಿಯಮವೂ ಅದರಲ್ಲಿತ್ತು. ಅದರ ಜಾಗಕ್ಕೆ ಬರುವ ಹೊಸ ಕಾಯ್ದೆಗೆ ಸಂಸತ್ತು 2025ರ ಡಿಸೆಂಬರ್‌ನಲ್ಲಿ ಒಪ್ಪಿಗೆ ನೀಡಿರುವುದರಿಂದ, ಕಾಮಗಾರಿಗಳ ಪಟ್ಟಿ ಮತ್ತು ವೈಯಕ್ತಿಕ ಕಾಮಗಾರಿಗೆ ಯಾರು ಅರ್ಹರು ಎಂಬುದನ್ನು ಹಳೆಯ ನೆನಪಿನ ಮೇಲೆ ಬರೆಯದೆ, ಆ ವರ್ಷಕ್ಕೆ ಅನ್ವಯಿಸುವ ಸುತ್ತೋಲೆಯ ಪ್ರತಿಯನ್ನು ಪಂಚಾಯಿತಿಯಿಂದ ಪಡೆದು ನೋಡಬೇಕು. ವೈಯಕ್ತಿಕ ಸೌಲಭ್ಯ ಬಯಸುವವರು ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ತಮ್ಮ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ, ಬೆಳೆ ಸಮೀಕ್ಷೆಯಲ್ಲಿ ತಮ್ಮ ಬೆಳೆ ಸರಿಯಾಗಿ ದಾಖಲಾಗಿದೆಯೇ ಎಂಬುದನ್ನು ಈ ಹೊತ್ತಿಗೇ ಸರಿಪಡಿಸಿಕೊಳ್ಳಲಿ.

ಸಭೆಗಳಲ್ಲಿ

ವಾರ್ಡ್ ಸಭೆಗೆ ಮೊದಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಕಂಡು, ಸಭೆಯನ್ನು ಸಂಜೆಯ ಹೊತ್ತಿಗೆ ಇಡಲು, ರೈತ ಸಂಪರ್ಕ ಕೇಂದ್ರದ ಅಧಿಕಾರಿ ಮತ್ತು ಪಶುವೈದ್ಯರನ್ನು ಕರೆಸಲು ಲಿಖಿತವಾಗಿ ಕೇಳಿಕೊಳ್ಳಿ. ಪಿಡಿಒ ಅವರನ್ನು ಎದುರಾಳಿಯೆಂದು ಭಾವಿಸುವುದರಿಂದ ಲಾಭವಿಲ್ಲ. ಅಳತೆ ಸಹಿತ ಸಿದ್ಧವಾದ ಹಾಳೆಗಳು ಕೈಗೆ ಬಂದರೆ ಅವರ ಹೊರೆಯೂ ಇಳಿಯುತ್ತದೆ. ಸಭೆಯಲ್ಲಿ ಒಬ್ಬರೇ ಎಲ್ಲ ಮಾತನ್ನೂ ಆಡುವ ಬದಲು, ಪ್ರತಿ ಬೇಡಿಕೆಯನ್ನು ಅದರಿಂದ ನೇರ ಪ್ರಯೋಜನ ಪಡೆಯುವವರೇ ಮಂಡಿಸಲಿ. ಓದಿ ಹೇಳಿದ ಪಟ್ಟಿಯ ಎರಡು ಪ್ರತಿಗಳನ್ನು ಕೊಟ್ಟು, ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು.

ಗ್ರಾಮಸಭೆಯಲ್ಲಿ ಗಮನವೆಲ್ಲ ನಡಾವಳಿ ಪುಸ್ತಕದ ಮೇಲಿರಲಿ. ಚರ್ಚೆ ಎಷ್ಟೇ ಬಿಸಿಯಾಗಿ ನಡೆದರೂ ಠರಾವಿನಲ್ಲಿ ಬರೆಯದಿದ್ದರೆ ಅದು ನಡೆದೇ ಇಲ್ಲವೆಂದು ಲೆಕ್ಕ. ಖಾಲಿ ಹಾಳೆಗೆ ಹಾಜರಾತಿಯ ಸಹಿ ಹಾಕಬೇಡಿ. ಠರಾವು ಬರೆದು, ಓದಿ ಹೇಳಿದ ಮೇಲೆ ಸಹಿ. ಬೇಡಿಕೆಯೊಂದನ್ನು ಕೈಬಿಟ್ಟರೆ ಕಾರಣವನ್ನೂ ಬರೆಸಿ. ಕಾರಣ ದಾಖಲಾಗಿದ್ದರೆ ಮುಂದಿನ ವರ್ಷ ಅದನ್ನು ಸರಿಪಡಿಸಿ ತರಬಹುದು. ಪಂಚಾಯಿತಿಯ ಹಣಕ್ಕೆ ಮೀರಿದ ಬೇಡಿಕೆಗಳನ್ನು ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗೆ, ಸಂಬಂಧಿಸಿದ ಇಲಾಖೆಗೆ ಶಿಫಾರಸು ಮಾಡುವ ಪ್ರತ್ಯೇಕ ಠರಾವು ಆಗಬೇಕು. ಕೃಷಿ ಇಲಾಖೆಯ ಆತ್ಮ (ಕೃಷಿ ತಂತ್ರಜ್ಞಾನ ನಿರ್ವಹಣಾ ಸಂಸ್ಥೆ) ಯೋಜನೆಯಡಿ ತಾಲ್ಲೂಕು ಮಟ್ಟದಲ್ಲಿ ರೈತ ಸಲಹಾ ಸಮಿತಿ ಇರಬೇಕೆಂಬ ನಿಯಮವಿದೆ. ತರಬೇತಿ, ಪ್ರಾತ್ಯಕ್ಷಿಕೆ, ತಳಿ ಆಯ್ಕೆಯ ವಿಷಯಗಳನ್ನು ಒಯ್ಯಬೇಕಾದ ಜಾಗ ಅದು. ನಿಮ್ಮ ತಾಲ್ಲೂಕಿನ ಸಮಿತಿಯ ಸದಸ್ಯರು ಯಾರೆಂದು ಸಹಾಯಕ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕೇಳಿದರೆ ತಿಳಿಯುತ್ತದೆ.

ಠರಾವಾದ ಮೇಲೆ

ಯೋಜನೆ ಅಂತಿಮವಾದ ಮೇಲೆ ಅದು ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ಯಾರಿಗೆ ಬೇಕಾದರೂ ನೋಡಲು ಸಿಗುತ್ತದೆ. ತಂಡದಲ್ಲಿ ಮೊಬೈಲ್ ಬಳಸಬಲ್ಲ ಯುವಕ ಯುವತಿಯರಿಗೆ ಈ ಕೆಲಸ ವಹಿಸಿ: ಗ್ರಾಮಸಭೆಯ ಠರಾವಿನಲ್ಲಿದ್ದ ಕೆಲಸಗಳೆಲ್ಲ ಅಲ್ಲಿವೆಯೇ, ಹೆಸರು ಅದೇ ಇದ್ದು ಜಾಗ ಬದಲಾಗಿದೆಯೇ, ಮೊತ್ತ ಕಡಿಮೆಯಾಗಿದೆಯೇ ಎಂದು ಒಂದೊಂದಾಗಿ ಹೋಲಿಸಬೇಕು. ವ್ಯತ್ಯಾಸವಿದ್ದರೆ ಮೊದಲು ಪಿಡಿಒ ಅವರಿಗೆ, ಉತ್ತರ ಬಾರದಿದ್ದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಬರೆಯಿರಿ. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿದರೆ ಸಾಮಾನ್ಯವಾಗಿ ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕು. ಆದರೆ ಅದನ್ನು ಮೊದಲ ಹೆಜ್ಜೆಯಾಗಿ ಬಳಸಿದರೆ ಕಚೇರಿಯೊಂದಿಗಿನ ಸಂಬಂಧ ಅಲ್ಲಿಗೇ ಕೆಡುತ್ತದೆ.

ಕೆಲಸ ಆರಂಭವಾಗುವಾಗ ಎಂಜಿನಿಯರ್ ಗುರುತು ಹಾಕುವ ದಿನ ತಂಡದವರು ಸ್ಥಳದಲ್ಲಿರಬೇಕು. ಚೆಕ್ ಡ್ಯಾಂ ಹತ್ತು ಮೀಟರ್ ಅತ್ತಿತ್ತ ಸರಿದರೂ ನೀರು ನಿಲ್ಲುವುದೋ ಪಕ್ಕದ ಹೊಲವನ್ನು ಕೊರೆಯುವುದೋ ಎಂಬುದು ಬದಲಾಗುತ್ತದೆ, ಮತ್ತು ಆ ಹಳ್ಳ ತುಂಬಿ ಹರಿದದ್ದನ್ನು ಕಂಡವರು ಊರಿನವರೇ ಹೊರತು ಎಂಜಿನಿಯರ್ ಅಲ್ಲ. ಮುಗಿದ ಕೆಲಸಕ್ಕೆ ನಿರ್ವಹಣೆಯ ವ್ಯವಸ್ಥೆ ಆಗಲೇ ಆಗಬೇಕು. ರಾಜ್ಯದಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ನಡೆದ ಸಮುದಾಯ ಆಧಾರಿತ ಕೆರೆ ಅಭಿವೃದ್ಧಿ ಯೋಜನೆ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿಸಿತ್ತು. ಯೋಜನೆಯ ಹಣ ಇರುವವರೆಗೆ ಮಾತ್ರ ಸೇರಿದ ಸಂಘವೂ ಹೂಳನ್ನು ಹೊಲಕ್ಕೆ ಹೊಡೆಸಿ, ಮೀನಿನ ಹರಾಜಿನ ಹಣವನ್ನು ತೂಬಿನ ದುರಸ್ತಿಗೆ ಬಳಸುವ ಸಂಘವೂ ಒಂದೇ ಆಗಲಾರದು. ಸಣ್ಣದಾದರೂ ಸ್ವಂತ ಆದಾಯದ ಮೂಲ ಇಲ್ಲದೆ ಸಮಿತಿ ಮಾಡಬೇಡಿ.

ಪಂಚಾಯಿತಿಯ ಲೆಕ್ಕ ಮತ್ತು ಕಾಮಗಾರಿಗಳ ವಾರ್ಷಿಕ ತಪಾಸಣೆಯಾದ ಜಮಾಬಂದಿಗೆ ಮತ್ತು ಸಾಮಾಜಿಕ ಪರಿಶೋಧನೆಯ ಗ್ರಾಮಸಭೆಗೆ ಮೊಹರು ಹಾಕಿಸಿಕೊಂಡ ಬೇಡಿಕೆ ಪಟ್ಟಿ, ಠರಾವಿನ ಪ್ರತಿ, ಕೆಲಸಕ್ಕೆ ಮೊದಲಿನ ಫೋಟೋ, ಒಂದು ಟೇಪು ಇವನ್ನು ಒಯ್ಯಿರಿ. ಕಾಮಗಾರಿಯ ಅಳತೆ ಪುಸ್ತಕವನ್ನು ನೋಡಲು ಕೇಳಿ. ಅದರಲ್ಲಿ ಬರೆದ ಬದುವಿನ ಉದ್ದಕ್ಕೂ ಹೊಲದಲ್ಲಿರುವ ಬದುವಿನ ಉದ್ದಕ್ಕೂ ತಾಳೆಯಾಗದಿದ್ದರೆ, ಎಷ್ಟು ಮೀಟರ್ ಕಡಿಮೆಯಿದೆ ಎಂಬುದನ್ನು ಅಲ್ಲಿಯೇ ನಡಾವಳಿಯಲ್ಲಿ ಬರೆಸಬೇಕು.